ಲೈಂಗಿಕ ಹಾರ್ಮೋನುಗಳು, ಮಿದುಳು ಮತ್ತು ದೇಹ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ಸ್ತ್ರೀಶಕ್ತಿ ಸಂಘಗಳ ಸಭೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಆರೋಗ್ಯದ ವಿಷಯ ಮಾತನಾಡಲು ಹೋಗುತ್ತಿದ್ದೇನೆ. ಶಿರಾ, ಪಾವಗಡ, ಗೌರಿಬಿದನೂರು, ಮುಳಬಾಗಿಲು, ಎಲ್ಲಿಗೆ ಹೋದರೂ ಒಂದೇ ಅನುಭವ: ಸಭೆ ನಡೆಯುವಾಗ ಯಾರೂ ಬಾಯಿ ಬಿಡುವುದಿಲ್ಲ; ಕಾಫಿ ಲೋಟ ಕೈಗೆ ಬಂದ ಮೇಲೆ ಒಬ್ಬೊಬ್ಬರೇ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ವೈದ್ಯಳಲ್ಲ. ಔಷಧಿಯ ಹೆಸರು, ಪ್ರಮಾಣಗಳನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಲೈಂಗಿಕ ಹಾರ್ಮೋನು ಎಂದರೇನು? ಅದು ಎಲ್ಲಿ ಹುಟ್ಟುತ್ತದೆ?

ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಇನ್ನೊಂದು ಅಂಗದಿಂದ ಕೆಲಸ ಮಾಡಿಸುವ ರಾಸಾಯನಿಕವೇ ಹಾರ್ಮೋನು. ಈ ಪದವನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಆದರೆ ಸಂಗತಿ ಗೊತ್ತಾದದ್ದು ಅದಕ್ಕೂ ಮೊದಲು, ಹುಂಜಗಳಿಂದ. 1849ರಲ್ಲಿ ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದರು. ಅವುಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಕೆಲವು ಹುಂಜಗಳಿಗೆ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದಾಗ, ನರಗಳ ಹಳೆಯ ಸಂಬಂಧ ಕಡಿದಿದ್ದರೂ, ಅವು ಎಂದಿನ ಹುಂಜಗಳಂತೆಯೇ ಬೆಳೆದವು. ಅಂದರೆ ಸುದ್ದಿ ಹೋಗುತ್ತಿದ್ದದ್ದು ರಕ್ತದ ಮೂಲಕ.

ಈಸ್ಟ್ರೋಜನ್, ಪ್ರೊಜೆಸ್ಟಿರಾನ್, ಟೆಸ್ಟೋಸ್ಟಿರಾನ್ ಈ ಗುಂಪಿನ ಮುಖ್ಯ ಹಾರ್ಮೋನುಗಳು. ಮೂರನ್ನೂ ದೇಹ ತಯಾರಿಸುವುದು ಕೊಲೆಸ್ಟರಾಲಿನಿಂದ. ಅಂಡಾಶಯ, ವೃಷಣ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಇವುಗಳ ತವರು. ಮೇಲುಸ್ತುವಾರಿ ಮಾತ್ರ ಮಿದುಳಿನದು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಒಂದು, ಒಂದೂವರೆ ಗಂಟೆಗೊಮ್ಮೆ ಮಿಡಿತದಂತೆ ಸೂಚನೆ ಕಳುಹಿಸುತ್ತದೆ. ಪಿಟ್ಯುಟರಿ ಗ್ರಂಥಿ ಅದನ್ನು ಅಂಡಾಶಯಕ್ಕೋ ವೃಷಣಕ್ಕೋ ದಾಟಿಸುತ್ತದೆ. ರಕ್ತದಲ್ಲಿ ಹಾರ್ಮೋನು ಸಾಕಷ್ಟು ಆದೊಡನೆ, ಮನೆಯ ಮೇಲಿನ ಟ್ಯಾಂಕು ತುಂಬಿದಾಗ ಮೋಟರು ತಾನೇ ನಿಲ್ಲುವಂತೆ, ಮಿದುಳು ಸೂಚನೆಯನ್ನು ತಗ್ಗಿಸುತ್ತದೆ. ಈ ಟ್ಯಾಂಕು ಮತ್ತು ಮೋಟರಿನ ಲೆಕ್ಕವನ್ನು ನೆನಪಿನಲ್ಲಿಡಿ, ಜಿಮ್ಮಿನ ಪ್ರಶ್ನೆಗೆ ಬೇಕಾಗುತ್ತದೆ.

ಟೆಸ್ಟೋಸ್ಟಿರಾನ್ ಗಂಡಸರದು, ಈಸ್ಟ್ರೋಜನ್ ಹೆಂಗಸರದು, ಅಷ್ಟೇ ಅಲ್ಲವೇ?

ಪಠ್ಯಪುಸ್ತಕದಲ್ಲಿ ನಾನೂ ಹಾಗೆಯೇ ಕಲಿಸಿದ್ದೆ, ಈಗ ಸಂಕೋಚವಾಗುತ್ತದೆ. ಎರಡೂ ಹಾರ್ಮೋನುಗಳು ಎಲ್ಲರಲ್ಲಿಯೂ ಇವೆ, ಪ್ರಮಾಣ ಬೇರೆ. ವಯಸ್ಕ ಗಂಡಸಿನ ಒಂದು ಡೆಸಿಲೀಟರ್ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಸುಮಾರು 300ರಿಂದ 1000 ನ್ಯಾನೋಗ್ರಾಂ ಇದ್ದರೆ ಹೆಂಗಸಿನಲ್ಲಿ ಸುಮಾರು 15ರಿಂದ 70 ಇರುತ್ತದೆ. ಈ ಕಡಿಮೆ ಪ್ರಮಾಣವೂ, ತೂಕದಲ್ಲಿ ನೋಡಿದರೆ, ತಿಂಗಳ ಬಹುಪಾಲು ದಿನಗಳಲ್ಲಿ ಅದೇ ಹೆಂಗಸಿನ ರಕ್ತದಲ್ಲಿರುವ ಮುಖ್ಯ ಈಸ್ಟ್ರೋಜನ್ ಆದ ಎಸ್ಟ್ರಾಡಯಾಲಿಗಿಂತ ಹೆಚ್ಚು.

ಇನ್ನೂ ಒಂದು ಮಾತು. ಅರೊಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನನ್ನು ಎಸ್ಟ್ರಾಡಯಾಲ್ ಆಗಿ ಬದಲಾಯಿಸುತ್ತದೆ. ಅದು ಕೊಬ್ಬಿನಲ್ಲಿ, ಮೂಳೆಯಲ್ಲಿ, ಮಿದುಳಿನಲ್ಲಿಯೂ ಇದೆ. ಆದ್ದರಿಂದಲೇ ಅರವತ್ತು ದಾಟಿದ ದಂಪತಿಗಳಲ್ಲಿ ಸಾಮಾನ್ಯವಾಗಿ ಅಜ್ಜಿಗಿಂತ ಅಜ್ಜನ ರಕ್ತದಲ್ಲಿ ಈಸ್ಟ್ರೋಜನ್ ಹೆಚ್ಚಾಗಿರುತ್ತದೆ. ಇದನ್ನು ಹೇಳಿದಾಗ ಮಧುಗಿರಿಯ ಕಡೆಯ ಒಂದು ಸಭೆಯಲ್ಲಿ ಎದ್ದ ನಗು ಐದು ನಿಮಿಷ ನಿಲ್ಲಲಿಲ್ಲ.

ಒಂದೇ ಹಾರ್ಮೋನು ಒಬ್ಬರಲ್ಲಿ ಒಂದು ಕೆಲಸ, ಇನ್ನೊಬ್ಬರಲ್ಲಿ ಇನ್ನೊಂದು ಕೆಲಸ ಮಾಡುವುದು ಹೇಗೆ?

ಈ ವಿಷಯದ ತಿರುಳೇ ಈ ಪ್ರಶ್ನೆಯಲ್ಲಿದೆ. ರಾಗಿ ಬಿತ್ತನೆಯ ಹೊತ್ತಿಗೆ ಬರುವ ಮಳೆಯೂ, ಪೈರು ಕೊಯ್ದು ಅರಿ ಬಿಟ್ಟಿರುವಾಗ ಬರುವ ಮಳೆಯೂ ಒಂದೇ ನೀರು. ಮೊದಲನೆಯದು ಬೆಳೆ ತರುತ್ತದೆ, ಎರಡನೆಯದು ಇರುವ ಬೆಳೆಯನ್ನೂ ಮೊಳಕೆ ಬರಿಸಿ ಹಾಳುಮಾಡುತ್ತದೆ. ಹಾರ್ಮೋನಿನ ವಿಷಯದಲ್ಲಿಯೂ ಯಾವಾಗ, ಯಾವ ಅಂಗಕ್ಕೆ, ಎಷ್ಟು ದಿನ ಎಂಬುದೇ ಮುಖ್ಯ.

ಹಾರ್ಮೋನು ಜೀವಕೋಶದೊಳಗೆ ಹೋಗಿ ತನಗೆ ಹೊಂದುವ ಗ್ರಾಹಕಕ್ಕೆ ಅಂಟಿಕೊಂಡು ಕೆಲವು ವಂಶವಾಹಿಗಳನ್ನು ಎಚ್ಚರಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಗ್ರಾಹಕ ಇಲ್ಲದ ಕೋಶಕ್ಕೆ ಅದರ ಮಾತು ಕೇಳಿಸುವುದಿಲ್ಲ. 1959ರಲ್ಲಿ ಚಾರ್ಲ್ಸ್ ಫೀನಿಕ್ಸ್ ಮತ್ತು ಸಂಗಡಿಗರು ಗಿನಿಯಿಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಇನ್ನೊಂದು ವಿಷಯ ತಿಳಿಯಿತು: ಹುಟ್ಟುವ ಮುನ್ನ ಸಿಕ್ಕ ಟೆಸ್ಟೋಸ್ಟಿರಾನ್ ಆ ಪ್ರಾಣಿಯ ಮುಂದಿನ ಲೈಂಗಿಕ ವರ್ತನೆಯ ಅಡಿಪಾಯವನ್ನೇ ಬದಲಿಸುತ್ತದೆ, ಬೆಳೆದ ಮೇಲೆ ಕೊಟ್ಟ ಹಾರ್ಮೋನು ಆಗಲೇ ಹಾಕಿರುವ ಅಡಿಪಾಯದ ಮೇಲೆ ತಾತ್ಕಾಲಿಕವಾಗಿ ಕೆಲಸ ಮಾಡುತ್ತದೆ. ಮನುಷ್ಯರಲ್ಲಿ ಇದರ ಜೊತೆಗೆ ಮನೆ, ಊರು, ಕಲಿಕೆ ಎಲ್ಲವೂ ಸೇರುವುದರಿಂದ ಲೆಕ್ಕ ಇಷ್ಟು ಸರಳವಲ್ಲ.

ನಮ್ಮ ಕಡೆಯ ರೈತರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳನ್ನು ನೋಡುವಾಗ ನನ್ನ ತಂದೆಯವರು ಕತ್ತನ್ನೂ ಹಿಣಿಲನ್ನೂ ಮುಟ್ಟಿ ನೋಡಿ, ಕರುವಿನಲ್ಲೇ ಬೀಜ ಒಡೆಸಿದ್ದೋ ಬಲಿತ ಮೇಲೆ ಒಡೆಸಿದ್ದೋ ಹೇಳುತ್ತಿದ್ದರು. ಬೇಗ ಒಡೆಸಿದ ಎತ್ತಿನ ಕತ್ತು ಸಪೂರ, ಹಿಣಿಲು ಚಿಕ್ಕದು, ಆದರೆ ಕಾಲು ಉದ್ದ; ಬಲಿತ ಹೋರಿಗೆ ಒಡೆಸಿದರೆ ಆಗಲೇ ಬಂದ ಹಿಣಿಲು ಪೂರ್ತಿ ಕರಗುವುದಿಲ್ಲ. ಕಾಲು ಉದ್ದವಾಗುವುದೇಕೆಂದರೆ, ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಯನ್ನು ಮುಚ್ಚಿಸುವ ಹಾರ್ಮೋನು ಕಡಿಮೆಯಾಗಿ, ಮೂಳೆ ಇನ್ನಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಮನುಷ್ಯರಲ್ಲಿ ಆ ಪಟ್ಟಿಯನ್ನು ಮುಚ್ಚಿಸುವುದು ಹುಡುಗರಲ್ಲಿಯೂ ಈಸ್ಟ್ರೋಜನ್ನೇ. 1994ರಲ್ಲಿ ವರದಿಯಾದ ಒಬ್ಬ ಅಮೆರಿಕದ ಯುವಕನಿಗೆ ಈಸ್ಟ್ರೋಜನ್ನಿನ ಗ್ರಾಹಕವೇ ಕೆಲಸ ಮಾಡುತ್ತಿರಲಿಲ್ಲ. 28ನೇ ವಯಸ್ಸಿನಲ್ಲಿ 204 ಸೆಂಟಿಮೀಟರ್ ಎತ್ತರವಿದ್ದ ಅವನು ಇನ್ನೂ ಬೆಳೆಯುತ್ತಲೇ ಇದ್ದ, ಮೂಳೆಗಳು ಮಾತ್ರ ಟೊಳ್ಳಾಗಿದ್ದವು.

ಬಾಯ್ಲರ್ ಕೋಳಿ ತಿಂದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆಯೇ?

ಕೋಳಿ ಫಾರಂಗಳು ಇರುವ ಊರುಗಳಲ್ಲಿ ತಪ್ಪದೆ ಬರುವ ಪ್ರಶ್ನೆ. ಕೋಳಿಗೆ ಹಾರ್ಮೋನು ಚುಚ್ಚುವುದರಿಂದ ಅದು ಐದಾರು ವಾರಕ್ಕೆ ಎರಡು ಕೆಜಿ ತೂಗುತ್ತದೆ ಎಂಬುದು ನಂಬಿಕೆ. ನಿಜವಾದ ಕಾರಣ ತಳಿ ಮತ್ತು ಮೇವು. ಕೆನಡಾದ ಸಂಶೋಧಕರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವಿನ ಮೇಲೆ ಸಾಕಿ ನೋಡಿದರು: 56ನೇ ದಿನಕ್ಕೆ ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4.2 ಕೆಜಿ. ಸಾವಿರಾರು ಕೋಳಿಗಳಿಗೆ ದಿನದಿನವೂ ಸೂಜಿ ಚುಚ್ಚಿ ಲಾಭ ಮಾಡಲು ಯಾವ ಫಾರಂ ಮಾಲೀಕನಿಗೂ ಸಾಧ್ಯವಿಲ್ಲ. ಕೋಳಿಗಳಿಗೆ ಆ್ಯಂಟಿಬಯೋಟಿಕ್ ಕೊಡುವುದು ನಿಜವಾದ ಚಿಂತೆಯ ವಿಷಯ, ಆದರೆ ಅದು ಬೇರೆ ಮಾತು.

ಮೈನೆರೆಯುವ ವಯಸ್ಸು ಹಿಂದಿನ ತಲೆಮಾರುಗಳಿಗಿಂತ ಕೆಳಗಿಳಿದಿರುವುದು ಸುಳ್ಳಲ್ಲ. ಹೊಟ್ಟೆ ತುಂಬ ಊಟ ಮತ್ತು ದೇಹದ ಕೊಬ್ಬು ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್, ದಾಸ್ತಾನು ಸಾಕಷ್ಟಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಹೆಣ್ಣುಮಗುವಿಗೆ 8 ವರ್ಷಕ್ಕೆ ಮುನ್ನ, ಗಂಡುಮಗುವಿಗೆ 9 ವರ್ಷಕ್ಕೆ ಮುನ್ನ ಪ್ರೌಢಾವಸ್ಥೆಯ ಲಕ್ಷಣ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೈನೆರೆದ ಹುಡುಗಿಗೆ ಚಿಗಳಿ, ಕೊಬ್ಬರಿ, ಬೆಲ್ಲ ತಿನ್ನಿಸುವ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ಬೆಳೆಯುವ ಹುಡುಗಿಗೆ ಅದು ಒಳ್ಳೆಯ ತಿಂಡಿ. ಅವಳನ್ನು ದಿನಗಟ್ಟಲೆ ಹೊರಗೆ ಕೂರಿಸಿ ಶಾಲೆ ಬಿಡಿಸುವುದಕ್ಕೆ ಮಾತ್ರ ದೇಹಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ.

ಹದಿನೈದರ ಮಗ ಬೆಳಗ್ಗೆ ಏಳುವುದೇ ಇಲ್ಲ. ಸೋಮಾರಿತನವೇ?

ಪೂರ್ತಿ ಅಲ್ಲ. ಪ್ರೌಢಾವಸ್ಥೆಯಲ್ಲಿ ನಿದ್ದೆಯ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ಮೊಬೈಲು ಸೇರಿದರೆ ಕೇಳುವುದೇ ಬೇಡ.

ಮುಟ್ಟಿಗೆ ಮುಂಚಿನ ವಾರ ಸಿಡುಕು, ಅಳು ಬರುವುದೇಕೆ? ಅದು ನೆಪವೇ?

ನೆಪವಲ್ಲ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟಿರಾನ್ ಏರಿ, ಮುಟ್ಟಿಗೆ ಮುಂಚೆ ಇಳಿಯುತ್ತದೆ. ಮಿದುಳು ಪ್ರೊಜೆಸ್ಟಿರಾನನ್ನು ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಮಾರ್ಪಡಿಸಿಕೊಳ್ಳುತ್ತದೆ. ನಿದ್ದೆಮಾತ್ರೆಗಳು ಕೆಲಸ ಮಾಡುವ ಗ್ರಾಹಕದ ಮೇಲೆಯೇ ಕೆಲಸ ಮಾಡುವ ಇದು ಸಾಮಾನ್ಯವಾಗಿ ಮನಸ್ಸನ್ನು ಶಾಂತವಾಗಿಸುತ್ತದೆ. ಕೆಲವರಲ್ಲಿ ಮಾತ್ರ ಇದರ ಏರಿಳಿತವೇ ಕಳವಳ ತರುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಂಗಸರ ಸ್ವಂತ ಹಾರ್ಮೋನುಗಳನ್ನು ಔಷಧಿಯಿಂದ ನಿಲ್ಲಿಸಿ, ನಂತರ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೊರಗಿನಿಂದ ಕೊಡಲಾಯಿತು. ಮೊದಲಿನಿಂದಲೂ ತೊಂದರೆ ಇದ್ದವರಿಗೆ ಮಾತ್ರ ಲಕ್ಷಣಗಳು ಮರಳಿದವು, ಉಳಿದವರಿಗೆ ಏನೂ ಆಗಲಿಲ್ಲ. ತೊಂದರೆ ಇರುವುದು ಹಾರ್ಮೋನಿನ ಪ್ರಮಾಣದಲ್ಲಿ ಅಲ್ಲ, ಅದನ್ನು ಸ್ವೀಕರಿಸುವ ಮಿದುಳಿನ ಸೂಕ್ಷ್ಮತೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಸೊಸೆ ತಿಂಗಳಿಗೊಮ್ಮೆ ಸಿಡುಕುತ್ತಾಳೆಂದು ದೂರುವ ಅತ್ತೆಯರು, ‘ನಮಗೆಲ್ಲ ಆಗ್ತಿರಲಿಲ್ಲಪ್ಪ’ ಎಂದರೆ, ಅದೂ ನಿಜವೇ ಇರಬಹುದು.

ತೀವ್ರವಾದ ತೊಂದರೆಗೆ ಚಿಕಿತ್ಸೆ ಇದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ತಿಂಗಳ ಎರಡನೆಯ ಅರ್ಧದಲ್ಲಿ ಮಾತ್ರ ತೆಗೆದುಕೊಂಡರೂ ಹಲವರಲ್ಲಿ ಗುಣ ಕಾಣುತ್ತದೆ.

ಹೆರಿಗೆಯಾದ ಮೂರನೇ ದಿನಕ್ಕೆ ಮಗಳು ಕಾರಣವಿಲ್ಲದೆ ಅಳುತ್ತಾಳೆ. ಗಾಳಿ ಸೋಕಿದೆ ಎನ್ನುತ್ತಾರೆ.

ಬಸಿರಿನಲ್ಲಿ ಈಸ್ಟ್ರೋಜನ್ನನ್ನೂ ಪ್ರೊಜೆಸ್ಟಿರಾನನ್ನೂ ಅಗಾಧವಾಗಿ ತಯಾರಿಸುವುದು ಮಾಸು, ಅಂದರೆ ಕಸ. ಅದು ಹೊರಬಿದ್ದ ಕೆಲವೇ ದಿನಗಳಲ್ಲಿ ಎರಡೂ ಹಾರ್ಮೋನುಗಳು ಕಡಿದಾಗಿ ಬೀಳುತ್ತವೆ. ಹೆಣ್ಣಿನ ಬದುಕಿನಲ್ಲಿ ಇಷ್ಟು ದೊಡ್ಡ ಕುಸಿತ ಇನ್ನೊಂದಿಲ್ಲ. ಜೊತೆಗೆ ನಿದ್ದೆಗೇಡು, ಹೊಲಿಗೆಯ ನೋವು, ಹೆಣ್ಣು ಹುಟ್ಟಿತೆಂಬ ನೆಂಟರ ಮೂಗುಮುರಿತ. ಮೂರು, ನಾಲ್ಕನೇ ದಿನದ ಅಳು ಬಹಳ ಬಾಣಂತಿಯರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ.

ಎರಡು ವಾರ ದಾಟಿಯೂ ಮಂಕು ಕವಿದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದಿದ್ದರೆ, ಅದು ಬಾಣಂತಿ ಖಿನ್ನತೆ. ಅಪರೂಪಕ್ಕೆ, ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದ ಸ್ಥಿತಿ ಬರುತ್ತದೆ: ರಾತ್ರಿಯೆಲ್ಲ ಎಚ್ಚರ, ಅಸಂಬದ್ಧ ಮಾತು, ಇಲ್ಲದ ದನಿಗಳು ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ. ಇದು ತುರ್ತು. ಅಂತ್ರ ಕಟ್ಟಿಸಲೇಬೇಕೆಂದು ಮನೆಯವರು ಹಟ ಹಿಡಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಕಟ್ಟಿಸಿಕೊಂಡೇ ಅಂದೇ ಆಸ್ಪತ್ರೆಗೆ ಹೊರಡಿ ಎನ್ನುತ್ತೇನೆ. ಆಕೆಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಗಂಡಸರ ಕೋಪಕ್ಕೆ ಟೆಸ್ಟೋಸ್ಟಿರಾನ್ ಕಾರಣವೇ?

ಗಂಡನ ಏಟಿಗೆ ಹಾರ್ಮೋನನ್ನು ಹೊಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮನುಷ್ಯರಲ್ಲಿ ಈ ಹಾರ್ಮೋನಿಗೂ ಹೊಡೆದಾಟಕ್ಕೂ ಇರುವ ನಂಟು ತೆಳುವಾದದ್ದು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೆಂಗಸರಿಗೆ ಟೆಸ್ಟೋಸ್ಟಿರಾನನ್ನೋ ಬರೀ ಹುಸಿಮಾತ್ರೆಯನ್ನೋ ಕೊಟ್ಟು ಹಣ ಹಂಚಿಕೊಳ್ಳುವ ಆಟ ಆಡಿಸಲಾಯಿತು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಹಂಚಿದರು; ತಾವು ಹಾರ್ಮೋನು ಪಡೆದಿದ್ದೇವೆಂದು ನಂಬಿದವರು, ಪಡೆಯದಿದ್ದರೂ, ಜಿಪುಣರಾದರು. ಹಾರ್ಮೋನಿಗಿಂತ ಅದರ ಹೆಸರೇ ಹೆಚ್ಚು ಕೆಲಸ ಮಾಡಿತು.

ನಡವಳಿಕೆಯೂ ಹಾರ್ಮೋನನ್ನು ಬದಲಿಸುತ್ತದೆ. ಫಿಲಿಪ್ಪೀನ್ಸ್‌ನ ಸೆಬು ಪ್ರದೇಶದ 624 ಯುವಕರನ್ನು ವರ್ಷಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರ ಟೆಸ್ಟೋಸ್ಟಿರಾನ್ ಇಳಿದಿತ್ತು. ಮಗುವಿನ ಆರೈಕೆಯಲ್ಲಿ ದಿನಕ್ಕೆ ಹೆಚ್ಚು ಹೊತ್ತು ಕಳೆಯುವವರಲ್ಲಿ ಅದು ಇನ್ನೂ ಕಡಿಮೆಯಿತ್ತು.

ಜಿಮ್ಮಿನಲ್ಲಿ ಇಂಜೆಕ್ಷನ್ ಕೊಡುತ್ತಾರೆ. ತೆಗೆದುಕೊಂಡರೆ ಏನಾಗುತ್ತದೆ?

ಆ ಸೂಜಿಯಲ್ಲಿರುವುದು ಸಾಮಾನ್ಯವಾಗಿ ಟೆಸ್ಟೋಸ್ಟಿರಾನ್ ಅಥವಾ ಅದರಂಥದೇ ವಸ್ತು. ತೋಳು ದಪ್ಪವಾಗುತ್ತದೆ, ಸುಳ್ಳಲ್ಲ. ಆದರೆ ಟ್ಯಾಂಕಿಗೆ ಹೊರಗಿನಿಂದ ಟ್ಯಾಂಕರ್ ನೀರು ತುಂಬಿದ ಹಾಗೆ. ಮಿದುಳು ತನ್ನ ಮೋಟರನ್ನು ಆರಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಲ್ಲವಾಗಬಹುದು, ಹೆಚ್ಚಿನ ಹಾರ್ಮೋನು ಅರೊಮಟೇಸಿನಿಂದ ಈಸ್ಟ್ರೋಜನ್ ಆಗಿ ಗಂಡಸಿಗೆ ಎದೆ ಬೆಳೆಯಬಹುದು. ರಕ್ತ ಮಂದವಾಗಿ ಹೃದಯಕ್ಕೂ ಭಾರ. ನಿಲ್ಲಿಸಿದ ಮೇಲೆ ಮೋಟರು ಮತ್ತೆ ಹೊತ್ತಿಕೊಳ್ಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮೀರಿ ಬೇಕು; ಆ ಅವಧಿಯಲ್ಲಿ ಕಾಡುವ ಖಿನ್ನತೆಯ ಬಗ್ಗೆ ಸೂಜಿ ಚುಚ್ಚಿದವನು ಹೇಳಿರುವುದಿಲ್ಲ. ಮದುವೆಯಾಗಿ ಮಕ್ಕಳಾಗಲಿಲ್ಲವೆಂದು ಹೆಂಡತಿಗೆ ಮಾತ್ರ ಪರೀಕ್ಷೆಗಳ ಮೇಲೆ ಪರೀಕ್ಷೆ ಮಾಡಿಸುತ್ತಿದ್ದ ಒಬ್ಬ ಹಳೆಯ ವಿದ್ಯಾರ್ಥಿ, ತನ್ನ ಇಂಜೆಕ್ಷನ್ನಿನ ವಿಷಯವನ್ನು ನನ್ನ ಬಳಿ ಹೇಳಿದ್ದು ಎರಡು ವರ್ಷ ಕಳೆದ ಮೇಲೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯಾಗುವುದು, ಮರೆವು ಬರುವುದು ಏಕೆ?

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎನ್ನುತ್ತೇವೆ. ಭಾರತದಲ್ಲಿ ಇದು ಸರಾಸರಿ 46, 47ರ ಸುಮಾರಿಗೆ ಆಗುತ್ತದೆ, ಪಶ್ಚಿಮದ ದೇಶಗಳಿಗಿಂತ ಕೆಲವು ವರ್ಷ ಮೊದಲು. ಮೈ ಬಿಸಿಯಾಗುವುದು ಚರ್ಮದ ಕಾಯಿಲೆಯೂ ಅಲ್ಲ, ಉಷ್ಣದ ಊಟದಿಂದ ಬಂದದ್ದೂ ಅಲ್ಲ. ಹೈಪೋಥಲಾಮಸಿನಲ್ಲಿ ದೇಹದ ಶಾಖವನ್ನು ಕಾಯುವ ಭಾಗದ ಪಕ್ಕದ ನರಕೋಶಗಳನ್ನು ಈಸ್ಟ್ರೋಜನ್ ಹಿಡಿತದಲ್ಲಿಟ್ಟಿರುತ್ತದೆ. ಆ ಹಿಡಿತ ಸಡಿಲಿದಾಗ, ಸ್ವಲ್ಪ ಶಾಖ ಹೆಚ್ಚಾದರೂ ಮಿದುಳು ಗಾಬರಿಯಿಂದ ಬೆವರು ಹರಿಸುತ್ತದೆ. ಗುಬ್ಬಿಯ ಹತ್ತಿರವಿದ್ದ ನನ್ನ ಚಿಕ್ಕಮ್ಮ ಮಾಗಿಯ ಚಳಿಯಲ್ಲಿಯೂ ನಡುರಾತ್ರಿ ಎದ್ದು, ಸೆರಗು ಜಾರಿಸಿ, ಹಿತ್ತಲಿನ ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಾವು ಹುಡುಗಿಯರು ಹೆದರಿ ಕಿಟಕಿಯಿಂದ ನೋಡುತ್ತಿದ್ದೆವು. ಅವರನ್ನು ಯಾರೂ ಏನೆಂದು ಕೇಳಲಿಲ್ಲ.

ಮರೆವಿನ ಮಾತು ಬೇರೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕೊಂಡಿಗಳು ಈಸ್ಟ್ರೋಜನ್ನಿನ ಏರಿಳಿತದೊಂದಿಗೆ ಹೆಚ್ಚು ಕಡಿಮೆಯಾಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಅವುಗಳ ನಾಲ್ಕೈದು ದಿನದ ಋತುಚಕ್ರದಲ್ಲಿಯೇ ಈ ಬದಲಾವಣೆ ಆಗುತ್ತದೆ. ಹೆಂಗಸರಲ್ಲಿ ಈ ವಯಸ್ಸಿನ ಮಂಪರಿಗೆ ರಾತ್ರಿಯ ಬೆವರಿನಿಂದ ಕೆಟ್ಟ ನಿದ್ದೆಯೂ ಕಾರಣ. ಇದು ಅರಳುಮರುಳಿನ ಆರಂಭವಲ್ಲ, ಬಹುಮಂದಿಗೆ ಕಾಲಕ್ರಮದಲ್ಲಿ ಹಗುರಾಗುತ್ತದೆ.

ಗರ್ಭಕೋಶ ತೆಗೆಸಿದರೆ ಹಾರ್ಮೋನು ನಿಂತುಹೋಗುತ್ತದೆಯೇ?

ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯ ಕೆಲಸ ಮಾಡುತ್ತಲೇ ಇರುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಇಳಿತ ಒಂದೇ ದಿನದಲ್ಲಿ ಆಗುತ್ತದೆ. ಮೂಳೆ, ಹೃದಯ, ನಿದ್ದೆ, ಮನಸ್ಸು ಎಲ್ಲದಕ್ಕೂ ಅದರ ಪೆಟ್ಟು. ನನ್ನ ನಾದಿನಿಗೆ 38ನೇ ವಯಸ್ಸಿನಲ್ಲಿ ಬಿಳಿಸೆರಗಿನ ತೊಂದರೆಗೆಂದು ಒಂದು ನರ್ಸಿಂಗ್ ಹೋಮಿನಲ್ಲಿ ‘ಚೀಲ ತೆಗೆಸಿಬಿಡಿ, ಮಕ್ಕಳಾಗಿವೆಯಲ್ಲ’ ಎಂದರು. ಆರು ತಿಂಗಳ ನಂತರ ನಿದ್ದೆಯಿಲ್ಲದೆ ಬಡಕಲಾಗಿ ಬಂದಾಗ, ಡಿಸ್ಚಾರ್ಜ್ ಚೀಟಿಯನ್ನು ಬಿಡಿಸಿ ಓದಿದೆ. ಎರಡೂ ಅಂಡಾಶಯಗಳನ್ನು ತೆಗೆದಿದ್ದನ್ನು ಅದರಲ್ಲಿ ಬರೆದಿತ್ತು, ಅವಳಿಗೆ ಯಾರೂ ಹೇಳಿರಲಿಲ್ಲ. ಆಪರೇಷನ್ನಿಗೆ ಮುನ್ನ ಕೇಳಬೇಕಾದ ಪ್ರಶ್ನೆ ಇದೇ: ಅಂಡಾಶಯ ಉಳಿಸುತ್ತೀರಾ, ಉಳಿಸದಿದ್ದರೆ ಕಾರಣವೇನು? ಸಾಧ್ಯವಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಬೇಕು.

ಐವತ್ತರ ಮೇಲಿನ ಮೂಳೆನೋವಿಗೆಲ್ಲ ಹಾರ್ಮೋನೇ ಕಾರಣವೇ?

ಹಳೆಯ ಮೂಳೆಯನ್ನು ಕರಗಿಸುವ ಕೋಶಗಳಿಗೆ ಈಸ್ಟ್ರೋಜನ್ ಕಡಿವಾಣ ಹಾಕುತ್ತದೆ. ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ವೇಗವಾಗಿ ಸವೆಯುವುದು ಆ ಕಡಿವಾಣ ತಪ್ಪುವುದರಿಂದ. ಆದರೆ ಮೂಳೆ ಸವೆತ ಸಾಮಾನ್ಯವಾಗಿ ಸದ್ದಿಲ್ಲದ್ದು, ಮುರಿದಾಗಲೇ ಗೊತ್ತಾಗುತ್ತದೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರ ಬೆನ್ನು, ಮಂಡಿ ಬಿಗಿದರೆ ಫ್ಲೋರೈಡಿನ ಬಗ್ಗೆಯೂ ಯೋಚಿಸಬೇಕು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಫ್ಲೋರೋಸಿಸ್ ಗಂಡಸರನ್ನೂ ಬಿಡುವುದಿಲ್ಲ, ಅದಕ್ಕೆ ಹಾರ್ಮೋನು ಮಾತ್ರೆ ಔಷಧಿಯೂ ಅಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಟ್ಟು ಅನ್ನಕ್ಕೆ ಬಂದವರಿಗೆ ಇಷ್ಟು ಹೇಳಿದರೆ ಸಾಕು.

ಹಾರ್ಮೋನು ಮಾತ್ರೆಯಿಂದ ಕ್ಯಾನ್ಸರ್ ಬರುತ್ತದಂತೆ?

ಮುಟ್ಟು ನಿಂತ ಮೇಲಿನ ತೊಂದರೆಗಳಿಗೆ ಕೊಡುವ ಹಾರ್ಮೋನು ಮಾತ್ರೆಯ ಮಾತು ಇದು. ಈ ಭಯ ಹುಟ್ಟಿದ್ದು 2002ರಲ್ಲಿ, ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಅರ್ಧದಲ್ಲಿ ನಿಲ್ಲಿಸಿದಾಗ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟಿರಾನಿನಂತೆ ಕೆಲಸ ಮಾಡುವ ಕೃತಕ ವಸ್ತು) ಸೇರಿದ ಮಾತ್ರೆಯನ್ನು 10,000 ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ 8 ಮಂದಿಗೆ ಹೆಚ್ಚಾಗಿ, ಪಾರ್ಶ್ವವಾಯು 8 ಮಂದಿಗೆ ಹೆಚ್ಚಾಗಿ ಬಂದಿತ್ತು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತ ಹತ್ತು ವರ್ಷದೊಳಗೆ ಅಥವಾ 60 ವರ್ಷಕ್ಕೆ ಮುನ್ನ ಆರಂಭಿಸಿದವರಲ್ಲಿ, ಬೇರೆ ಅಡ್ಡಿಯಿಲ್ಲದಿದ್ದರೆ, ಲಾಭವೇ ಹೆಚ್ಚೆಂದು ನಂತರದ ವಿಶ್ಲೇಷಣೆಗಳು ತೋರಿಸಿದವು. ಬಿತ್ತನೆಯ ಹೊತ್ತು ಇಲ್ಲಿಯೂ ಬಂತು ನೋಡಿ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಅದರ ಒಳಪದರ ಅತಿಯಾಗಿ ಬೆಳೆಯುವುದರಿಂದ ಪ್ರೊಜೆಸ್ಟಿರಾನ್ ಜೊತೆಗಿರಲೇಬೇಕು.

ಗಂಡಸರಿಗೂ ಹೀಗೆ ‘ನಿಲ್ಲುವುದು’ ಇದೆಯೇ?

ಇಲ್ಲ. ನಡುವಯಸ್ಸಿನಿಂದ ಟೆಸ್ಟೋಸ್ಟಿರಾನ್ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಥಟ್ಟನೆ ಇಳಿದಿದ್ದರೆ ಬೊಜ್ಜು, ಸಕ್ಕರೆ ಕಾಯಿಲೆ, ಕುಡಿತಗಳನ್ನು ಮೊದಲು ನೋಡಬೇಕು.

ಗಂಡು ಮಿದುಳು, ಹೆಣ್ಣು ಮಿದುಳು ಬೇರೆ ಬೇರೆಯೇ?

ಸರಾಸರಿಯಲ್ಲಿ ಗಂಡಸರ ಮಿದುಳು ಸುಮಾರು ಶೇಕಡಾ 10ರಷ್ಟು ದೊಡ್ಡದು, ಅವರ ದೇಹವೂ ದೊಡ್ಡದು. 2015ರಲ್ಲಿ ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಪರೀಕ್ಷಿಸಿದಾಗ, ಎಲ್ಲ ಭಾಗಗಳೂ ‘ಗಂಡು’ ಅಥವಾ ಎಲ್ಲ ಭಾಗಗಳೂ ‘ಹೆಣ್ಣು’ ಆಗಿದ್ದ ಮಿದುಳು ಬಹಳ ಅಪರೂಪವಾಗಿತ್ತು, ಹೆಚ್ಚಿನವು ಕಲಬೆರಕೆ. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. ಹುಡುಗಿಗೆ ಗಣಿತ ಹತ್ತುವುದಿಲ್ಲ ಎನ್ನಲು ಮಾತ್ರ ಯಾವ ಪಕ್ಷದ ಅಂಕಿಅಂಶವೂ ಸಾಲದು.

ರಕ್ತಪರೀಕ್ಷೆಗೆ ಯಾವಾಗ ಹೋಗಬೇಕು?

ಲ್ಯಾಬಿಗೆ ಹಣ ಕೊಟ್ಟು ತಪ್ಪು ಹೊತ್ತಿನಲ್ಲಿ ರಕ್ತ ಕೊಟ್ಟು ಬರುವವರನ್ನು ಬಹಳ ಕಂಡಿದ್ದೇನೆ. ಟೆಸ್ಟೋಸ್ಟಿರಾನ್ ಬೆಳಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಗಂಡಸರು ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನಗಳಲ್ಲಿ ಪರೀಕ್ಷಿಸಿಕೊಂಡರೆ ಮಾತ್ರ ಅಂಕಿಗೆ ಅರ್ಥವಿದೆ. ಹೆಂಗಸರಲ್ಲಿ ಅಂಡಾಶಯದ ಸ್ಥಿತಿ ತಿಳಿಯಲು ಸಾಮಾನ್ಯವಾಗಿ ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ರಕ್ತ ತೆಗೆಯುತ್ತಾರೆ. ಅಂಡಾಣು ಬಿಡುಗಡೆಯಾಯಿತೇ ಎಂದು ನೋಡುವ ಪ್ರೊಜೆಸ್ಟಿರಾನ್ ಪರೀಕ್ಷೆ ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ. ಕೊನೆಯ ಮುಟ್ಟಿನ ದಿನಾಂಕವನ್ನು ಚೀಟಿಯ ಮೇಲೆ ಬರೆಸಿ. ಬಯೋಟಿನ್ ಇರುವ ಕೂದಲಿನ ಮಾತ್ರೆಗಳನ್ನು ನುಂಗುತ್ತಿದ್ದರೆ ರಕ್ತ ತೆಗೆಯುವವರಿಗೆ ಹೇಳಿ, ಏಕೆಂದರೆ ಅದು ಕೆಲವು ಹಾರ್ಮೋನು ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸುತ್ತದೆ. ನಲವತ್ತೈದು ದಾಟಿದ ಹೆಂಗಸಿಗೆ ಮುಟ್ಟು ಏರುಪೇರಾಗಿ ಮೈ ಬಿಸಿಯಾಗುತ್ತಿದ್ದರೆ ಸಾಮಾನ್ಯವಾಗಿ ಹಾರ್ಮೋನು ಪರೀಕ್ಷೆಯೇ ಬೇಕಾಗುವುದಿಲ್ಲ. ಆ ದುಡ್ಡಿನಲ್ಲಿ ಥೈರಾಯ್ಡ್, ಸಕ್ಕರೆ ಮತ್ತು ಹಿಮೋಗ್ಲೋಬಿನ್ ನೋಡಿಸಿಕೊಳ್ಳಬಹುದು.